ಮನೆಯ ಕಂಪ್ಯೂಟರಿಗೆ ವಂಶವೃಕ್ಷ ತಂತ್ರಾಂಶದ ಆಯ್ಕೆ: ಎರಡು ಅವಧಿಗಳ ಪಾಠ ಮತ್ತು ಅವಲೋಕನ

ತರಗತಿ: 10 (ಕನ್ನಡ ಮಾಧ್ಯಮ)
ವಿಷಯ: ವಿಜ್ಞಾನ, ಅನುವಂಶೀಯತೆ ಘಟಕದ ವಿಸ್ತರಣಾ ಚಟುವಟಿಕೆ
ಸ್ಥಳ: ಚಿಕ್ಕಯ್ಯನಛತ್ರ ಹೋಬಳಿಯ ಒಂದು ಪ್ರೌಢಶಾಲೆ, ನಂಜನಗೂಡು ತಾಲ್ಲೂಕು
ಅವಧಿ: 40 ನಿಮಿಷಗಳ ಎರಡು ಅವಧಿಗಳು, ನಡುವೆ ಒಂದು ವಾರದ ಮನೆಗೆಲಸ
ಬೋಧನೋಪಕರಣಗಳು: 16 ರಟ್ಟಿನ ಚೀಟಿಗಳು, ದಾರ, ಒಂದು ಲ್ಯಾಪ್‌ಟಾಪ್, ಪ್ರೊಜೆಕ್ಟರ್, ಪೆನ್‌ಡ್ರೈವ್

ಪೀಠಿಕೆ

ಅನುವಂಶೀಯತೆಯ ಘಟಕವನ್ನು ನಾವೆಲ್ಲ ಬಟಾಣಿ ಗಿಡದಿಂದ ಆರಂಭಿಸುತ್ತೇವೆ. ಮೆಂಡಲನ ಎತ್ತರದ ಗಿಡ, ಗಿಡ್ಡ ಗಿಡ, 3:1 ಅನುಪಾತ ಇವು ಮಕ್ಕಳಿಗೆ ಬಾಯಿಪಾಠವಾಗುತ್ತವೆ. ಅದೇ ಮಕ್ಕಳನ್ನು ಅವರ ತಾತನ ತಾಯಿಯ ಹೆಸರು ಕೇಳಿದರೆ ಬಹುಪಾಲು ಮಂದಿ ಸುಮ್ಮನಾಗುತ್ತಾರೆ. ಪಠ್ಯದ ತಲೆಮಾರುಗಳನ್ನು ಮಕ್ಕಳ ಮನೆಯ ತಲೆಮಾರುಗಳಿಗೆ ಜೋಡಿಸಬೇಕೆಂಬ ಉದ್ದೇಶದಿಂದ ಈ ಪಾಠವನ್ನು ಯೋಜಿಸಲಾಯಿತು.

ವಂಶಾವಳಿ ನಮ್ಮ ನಾಡಿಗೆ ಹೊಸದಲ್ಲ. ಉತ್ತರ ಕರ್ನಾಟಕದಲ್ಲಿ ಹೆಳವರು ಎತ್ತಿನ ಮೇಲೆ ಊರೂರು ಸುತ್ತಿ, ಮನೆಮನೆಯ ಮುಂದೆ ನಿಂತು ಆ ಮನೆತನದ ಹಿರಿಯರ ಹೆಸರುಗಳನ್ನು ಹೇಳಿ ದವಸಧಾನ್ಯ ಪಡೆಯುವ ಪದ್ಧತಿ ಇದೆ. ನಮ್ಮ ಭಾಗದ ಮನೆಗಳಲ್ಲಿ ವಂಶವೃಕ್ಷ ಎಂಬ ಪದ ಹೆಚ್ಚಾಗಿ ಕೇಳಿಬರುವುದು ನಾಡಕಚೇರಿಯ ಕೆಲಸ ಬಂದಾಗ. ಜಮೀನಿನ ಖಾತೆದಾರರು ತೀರಿಕೊಂಡ ಮೇಲೆ ಪೌತಿ ಖಾತೆ ಮಾಡಿಸಲು ವಂಶವೃಕ್ಷ ದೃಢೀಕರಣ ಬೇಕು. ಆಗ ಮನೆಯವರೆಲ್ಲ ಕುಳಿತು ಹೆಸರು ನೆನಪಿಸಿಕೊಳ್ಳುತ್ತಾರೆ. ನೆನಪಿರುವ ಹಿರಿಯರು ಆ ಹೊತ್ತಿಗೆ ಇರುತ್ತಾರೆಂಬ ಭರವಸೆ ಇಲ್ಲ.

ಈಗ ಅನೇಕ ಮನೆಗಳಲ್ಲಿ ಕಾಲೇಜಿಗೆ ಹೋಗುವ ಅಕ್ಕನದೋ ಅಣ್ಣನದೋ ಲ್ಯಾಪ್‌ಟಾಪ್ ಇದೆ. ಅದರಲ್ಲಿ ಕುಟುಂಬದ ಇತಿಹಾಸ ಬರೆದಿಡಬಹುದು ಎಂದಾಗ ಮಕ್ಕಳಿಂದ ಬಂದ ಮೊದಲ ಪ್ರಶ್ನೆ: "ಯಾವ ಸಾಫ್ಟ್‌ವೇರ್ ಹಾಕಿಕೊಳ್ಳಬೇಕು ಮೇಡಂ?" ಈ ಪ್ರಶ್ನೆಗೆ ಒಂದು ಹೆಸರು ಹೇಳಿ ಮುಗಿಸಬಹುದಿತ್ತು. ಹೆಸರು ಹೇಳುವ ಬದಲು ಆಯ್ಕೆಯ ವಿಧಾನವನ್ನೇ ಕಲಿಸುವುದು ಈ ಪಾಠದ ತಿರುಳು. ತಂತ್ರಾಂಶದ ಜಾಹೀರಾತು ಏನು ಹೇಳುತ್ತದೆ ಎಂಬುದಕ್ಕಿಂತ ನಮ್ಮ ಕುಟುಂಬದಲ್ಲಿ ದಾಖಲಿಸಲು ಕಷ್ಟವಾದದ್ದು ಯಾವುದು ಎಂಬುದನ್ನು ಮೊದಲು ಪಟ್ಟಿ ಮಾಡಿ, ಆ ಕಷ್ಟವನ್ನು ತಾಳಿಕೊಳ್ಳುವ ತಂತ್ರಾಂಶವನ್ನು ಆರಿಸಬೇಕು.

ಕಲಿಕಾ ಉದ್ದೇಶಗಳು

ಪಾಠದ ಕೊನೆಗೆ ವಿದ್ಯಾರ್ಥಿಗಳು:
1. ಕುಟುಂಬದ ಮಾಹಿತಿಯನ್ನು ವ್ಯಕ್ತಿ, ಸಂಬಂಧ, ಘಟನೆ, ಆಧಾರ ಎಂಬ ನಾಲ್ಕು ಭಾಗಗಳಾಗಿ ವಿಂಗಡಿಸುವರು.
2. ತಂತ್ರಾಂಶದ ಆಯ್ಕೆಗೆ ಅಳತೆಗೋಲನ್ನು ತಾವೇ ರಚಿಸುವರು.
3. ಒಂದು ತಂತ್ರಾಂಶವನ್ನು ಆ ಅಳತೆಗೋಲಿನಿಂದ ಪರೀಕ್ಷಿಸಿ ಕಾರಣಸಹಿತ ತೀರ್ಮಾನ ಹೇಳುವರು.
4. ಬದುಕಿರುವವರ ಮಾಹಿತಿಯನ್ನು ಹಂಚಿಕೊಳ್ಳುವಾಗ ಪಾಲಿಸಬೇಕಾದ ಎಚ್ಚರವನ್ನು ವಿವರಿಸುವರು.

ಪೂರ್ವಸಿದ್ಧತೆ: ಮಾದರಿ ಕುಟುಂಬ

ತರಗತಿಯಲ್ಲಿ ಮಕ್ಕಳ ಸ್ವಂತ ಕುಟುಂಬವನ್ನು ಬಳಸದಿರುವುದು ಯೋಜನೆಯ ಮೊದಲ ನಿರ್ಧಾರವಾಗಿತ್ತು. ತಂದೆ ಜೊತೆಯಲ್ಲಿಲ್ಲದ ಮಗು, ದತ್ತು ಬಂದ ಮಗು, ಮನೆಯವರ ವಿರೋಧದ ನಡುವೆ ಮದುವೆಯಾದ ತಂದೆತಾಯಿಯ ಮಗು ಯಾವ ತರಗತಿಯಲ್ಲೂ ಇರಬಹುದು. ಕಪ್ಪುಹಲಗೆಯ ಮೇಲೆ ತನ್ನ ಮನೆಯ ಮರ ಬರೆಯಬೇಕೆಂದರೆ ಅಂಥ ಮಗುವಿಗೆ ಆ ಅವಧಿ ಶಿಕ್ಷೆಯಾಗುತ್ತದೆ. ಆದ್ದರಿಂದ 16 ಚೀಟಿಗಳ ಕಾಲ್ಪನಿಕ ಕುಟುಂಬವೊಂದನ್ನು ಸಿದ್ಧಪಡಿಸಿದೆ. ನಮ್ಮ ಸೀಮೆಯ ಕುಟುಂಬಗಳಲ್ಲಿ ಸಾಮಾನ್ಯವಾಗಿ ಕಾಣುವ ಕ್ಲಿಷ್ಟ ಅಂಶಗಳನ್ನು ಅದರಲ್ಲಿ ಬೇಕೆಂದೇ ಸೇರಿಸಿದೆ.

ತಾತ ಮತ್ತು ಅಜ್ಜಿಗೆ ಒಬ್ಬ ಮಗಳು, ಒಬ್ಬ ಮಗ. ಮಗಳನ್ನು ತಿ. ನರಸೀಪುರದ ಕಡೆಗೆ ಕೊಟ್ಟಿದೆ. ಆ ಮಗಳ ಮಗಳು ತನ್ನ ಸೋದರಮಾವನನ್ನೇ, ಅಂದರೆ ತಾತನ ಮಗನನ್ನೇ ಮದುವೆಯಾಗಿದ್ದಾಳೆ. ಅವರಿಗೊಂದು ಮಗು. ತಾತನ ತಮ್ಮನಿಗೆ ಮಕ್ಕಳಿಲ್ಲದೆ ಒಬ್ಬ ಹುಡುಗನನ್ನು ದತ್ತು ತೆಗೆದುಕೊಂಡಿದ್ದಾರೆ. ಅಜ್ಜಿಗೂ ಮೊಮ್ಮಗಳಿಗೂ ನಂಜಮ್ಮ ಎಂಬ ಒಂದೇ ಹೆಸರು. ನಂಜುಂಡೇಶ್ವರನ ಸೀಮೆಯಲ್ಲಿ ನಂಜಯ್ಯ, ನಂಜಮ್ಮ, ನಂಜುಂಡ ಎಂಬ ಹೆಸರುಗಳು ತಲೆಮಾರಿನಿಂದ ತಲೆಮಾರಿಗೆ ಮರಳಿ ಬರುವುದು ಸಹಜ. ಯಾರಿಗೂ ಮನೆತನದ ಅಡ್ಡಹೆಸರಿಲ್ಲ. ಊರಿನ ಮತ್ತು ತಂದೆಯ ಹೆಸರಿನ ಇನಿಷಿಯಲ್ ಮಾತ್ರ.

ಜನ್ಮದಿನಾಂಕಗಳೂ ಹಾಗೆಯೇ. ಮಗಳ ಚೀಟಿಯಲ್ಲಿ "ಪ್ಲವ ಸಂವತ್ಸರ" ಎಂದಿದೆ. ಮಗನ ಚೀಟಿಯಲ್ಲಿ "ಬೀಚನಹಳ್ಳಿ ಅಣೆಕಟ್ಟು ಮುಗಿದ ವರ್ಷ" ಎಂದಿದೆ. ಮೊಮ್ಮಗಳ ಚೀಟಿಯಲ್ಲಿ ಶಾಲಾ ದಾಖಲೆಯ ಪ್ರಕಾರ 1981ರ ಜೂನ್ 1. ಅಜ್ಜಿಯ ಚೀಟಿಯಲ್ಲಿ ದಿನಾಂಕವೇ ಇಲ್ಲ. "ಮಗಳು ಹುಟ್ಟಿದಾಗ ಇಪ್ಪತ್ತರ ಆಸುಪಾಸು" ಎಂಬ ಮಾತಿದೆ.

ಮೊದಲ ಅವಧಿ: ಅಳತೆಗೋಲಿನ ರಚನೆ

ತೊಡಗಿಸಿಕೊಳ್ಳುವಿಕೆ: ಮಕ್ಕಳನ್ನು ಐದು ಗುಂಪು ಮಾಡಿ, ಚೀಟಿಗಳನ್ನು ನೆಲದ ಮೇಲೆ ಹರಡಿ, ದಾರದಿಂದ ಸಂಬಂಧ ತೋರಿಸಲು ಹೇಳಲಾಯಿತು. ಮೊದಲ ಹತ್ತು ನಿಮಿಷ ಸರಾಗವಾಗಿ ಸಾಗಿತು. ಸೋದರಮಾವನ ಮದುವೆ ಬಂದಾಗ ದಾರ ಸುತ್ತಿಕೊಂಡಿತು. ಒಂದು ಗುಂಪಿನವರು ತಾತನ ಇನ್ನೊಂದು ಚೀಟಿ ಬೇಕೆಂದರು. "ತಾತ ಒಬ್ಬರೇ ಅಲ್ಲವೇ?" ಎಂದು ಮತ್ತೊಂದು ಗುಂಪಿನ ಹುಡುಗಿ ಆಕ್ಷೇಪಿಸಿದಳು. ಪಾಠದ ಮುಖ್ಯ ಚರ್ಚೆ ಅಲ್ಲಿಂದ ಬೆಳೆಯಿತು.

ಅನ್ವೇಷಣೆ: ಮಗುವಿನಿಂದ ಹಿಂದಕ್ಕೆ ಮೂರು ತಲೆಮಾರು ಎಣಿಸಲು ಹೇಳಿದೆ. ತಂದೆತಾಯಿ 2, ಅವರ ತಂದೆತಾಯಿ 4, ಅವರ ತಂದೆತಾಯಿ 8. ಒಟ್ಟು 14 ಸ್ಥಾನಗಳು. ಆದರೆ ಚೀಟಿಗಳನ್ನು ಎಣಿಸಿದರೆ 12 ಜನ ಮಾತ್ರ. ತಾತ ಮತ್ತು ಅಜ್ಜಿ ತಂದೆಯ ಕಡೆಯಿಂದ ಎರಡನೇ ಮೆಟ್ಟಿಲಲ್ಲೂ ತಾಯಿಯ ಕಡೆಯಿಂದ ಮೂರನೇ ಮೆಟ್ಟಿಲಲ್ಲೂ ನಿಲ್ಲುತ್ತಾರೆ. ಸ್ಥಾನ ಎರಡು, ವ್ಯಕ್ತಿ ಒಬ್ಬರೇ. ಅತ್ತೆಯ ಮಗಳು ಅಥವಾ ಮಾವನ ಮಗಳೊಂದಿಗಿನ ಮದುವೆಯಲ್ಲೂ ಹೀಗೆಯೇ 14 ಸ್ಥಾನಗಳಿಗೆ 12 ಜನ ಸಿಗುತ್ತಾರೆ. ಆದರೆ ಅಲ್ಲಿ ಪುನರಾವರ್ತನೆ ಆಗುವುದು ಮೂರನೇ ಮೆಟ್ಟಿಲಲ್ಲಿ ಮಾತ್ರ.

ಸಹಪ್ರಶಿಕ್ಷಣಾರ್ಥಿಗಳ ಗಮನಕ್ಕೆ: ಮಗುವಿನ ಒಂದು ಜೀನಿನ ಎರಡು ಪ್ರತಿಗಳೂ ಒಬ್ಬರೇ ಪೂರ್ವಜರಿಂದ ಬಂದಿರುವ ಸಂಭಾವ್ಯತೆ ಸೋದರಮಾವನ ಮದುವೆಯಲ್ಲಿ 1/8, ಅತ್ತೆಮಾವಂದಿರ ಮಕ್ಕಳ ಮದುವೆಯಲ್ಲಿ 1/16. ತರಗತಿಯಲ್ಲಿ ಈ ಮಾತನ್ನು ಯಾವ ಮನೆಯ ಮೇಲೂ ಬೆರಳು ತೋರದಂತೆ ಹೇಳಬೇಕು. ಇಂಥ ಸಂಬಂಧದ ಮದುವೆಗಳು ಹಲವು ಮಕ್ಕಳ ಮನೆಯಲ್ಲೇ ಇರುತ್ತವೆ. ಮಾದರಿ ಕುಟುಂಬ ಇದ್ದುದರಿಂದ ಚರ್ಚೆ ಚೀಟಿಗಳ ಮೇಲೆಯೇ ಉಳಿಯಿತು.

ವಿವರಣೆ: "ಈ ಕುಟುಂಬವನ್ನು ಕಂಪ್ಯೂಟರಿಗೆ ಹಾಕಬೇಕಾದರೆ ತಂತ್ರಾಂಶಕ್ಕೆ ಏನೇನು ಗೊತ್ತಿರಬೇಕು?" ಎಂಬ ಪ್ರಶ್ನೆಗೆ ಗುಂಪುಗಳು ಕೊಟ್ಟ ಉತ್ತರಗಳನ್ನು ಒಟ್ಟುಗೂಡಿಸಿದಾಗ ಏಳು ಅಂಶಗಳ ಅಳತೆಗೋಲು ದೊರೆಯಿತು. ಮಕ್ಕಳ ಮಾತನ್ನು ಆದಷ್ಟೂ ಉಳಿಸಿಕೊಂಡಿದ್ದೇನೆ.

1. ಕನ್ನಡದಲ್ಲಿ ಬರೆಯಲು, ಹುಡುಕಲು, ಮುದ್ರಿಸಲು ಆಗಬೇಕು.
2. ಅಡ್ಡಹೆಸರು ಇಲ್ಲದಿದ್ದರೂ ಒಪ್ಪಿಕೊಳ್ಳಬೇಕು.
3. ಒಂದೇ ಹೆಸರಿನ ಇಬ್ಬರನ್ನು ಬೇರೆಬೇರೆಯಾಗಿ ಗುರುತಿಸಬೇಕು.
4. ಖಚಿತವಿಲ್ಲದ ದಿನಾಂಕವನ್ನು ಖಚಿತವಿಲ್ಲದಂತೆಯೇ ಬರೆಯಲು ಬಿಡಬೇಕು.
5. ಸಂಬಂಧದೊಳಗಿನ ಮದುವೆ, ದತ್ತು ಇವನ್ನು ತೋರಿಸಬೇಕು. ಒಬ್ಬ ತಾತನನ್ನು ಇಬ್ಬರು ಮಾಡಬಾರದು.
6. ಹೆಣ್ಣುಮಕ್ಕಳ ಕಡೆಯ ಸಂತತಿಯೂ ಗಂಡುಮಕ್ಕಳ ಕಡೆಯಷ್ಟೇ ಪೂರ್ತಿ ಬರಬೇಕು.
7. ಬರೆದದ್ದು ನಮ್ಮ ಬಳಿಯೇ ಇರಬೇಕು. ಬೇಕಾದಾಗ ಬೇರೆ ತಂತ್ರಾಂಶಕ್ಕೆ ಒಯ್ಯಲು ಬರಬೇಕು.

ಆರನೆಯ ಅಂಶವನ್ನು ಸೇರಿಸಿದ್ದು ವಿದ್ಯಾರ್ಥಿನಿಯರ ಗುಂಪು. ಮನೆಯಲ್ಲಿ ನೋಡಿದ ಹಳೆಯ ಕಾಗದಗಳಲ್ಲಿ ಗಂಡುಮಕ್ಕಳ ಹೆಸರಷ್ಟೇ ಇರುತ್ತದೆ ಎಂಬುದು ಅವರ ಕಾರಣ. ಈ ಸಂದರ್ಭದಲ್ಲಿ ಕಾನೂನಿನ ಸ್ಥಿತಿಯನ್ನು ಚುಟುಕಾಗಿ ತಿಳಿಸಿದೆ. 2005ರ ಹಿಂದೂ ಉತ್ತರಾಧಿಕಾರ ತಿದ್ದುಪಡಿಯಂತೆ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳೂ ಮಗನಂತೆಯೇ ಹಕ್ಕುದಾರಳು. ಕರ್ನಾಟಕದಲ್ಲಿ ಈ ದಿಕ್ಕಿನ ತಿದ್ದುಪಡಿ 1994ರಲ್ಲೇ ಜಾರಿಗೆ ಬಂದಿತ್ತು. ಹೆಣ್ಣುಮಕ್ಕಳನ್ನು ಬಿಟ್ಟ ಮರ ಅಪೂರ್ಣ ಮಾತ್ರವಲ್ಲ, ಅದರಿಂದ ಒಬ್ಬರಿಗೆ ಅನ್ಯಾಯವೂ ಆಗಬಹುದು. ಜೀವಶಾಸ್ತ್ರದ ದೃಷ್ಟಿಯಲ್ಲಂತೂ ಮಗುವಿನ ವರ್ಣತಂತುಗಳಲ್ಲಿ 23 ತಾಯಿಯಿಂದ, 23 ತಂದೆಯಿಂದ ಬರುತ್ತವೆ. ಅರ್ಧ ಮರ ಬರೆದು ಅನುವಂಶೀಯತೆ ಕಲಿಸಲಾಗದು.

ಮನೆಗೆಲಸ: ಮೊದಲು ನೋಟ್‌ಬುಕ್

ಯಾವ ತಂತ್ರಾಂಶವನ್ನೂ ಹಾಕಿಕೊಳ್ಳುವ ಮೊದಲು ಒಂದು ವಾರ ಮನೆಯ ಹಿರಿಯರೊಬ್ಬರೊಂದಿಗೆ ಮಾತನಾಡಿ ನೋಟ್‌ಬುಕ್ಕಿನಲ್ಲಿ ಬರೆಯಲು ಸೂಚಿಸಿದೆ. ಸ್ವಂತ ಮನೆಯ ಬಗ್ಗೆ ಬರೆಯಲು ಇಷ್ಟವಿಲ್ಲದವರು ನೆರೆಮನೆಯ ಹಿರಿಯರ ಒಪ್ಪಿಗೆ ಪಡೆದು ಅವರ ಕುಟುಂಬದ ಬಗ್ಗೆ ಬರೆಯಬಹುದು. ನೋಟ್‌ಬುಕ್ಕನ್ನು ನನಗೆ ತೋರಿಸುವ ಅಗತ್ಯವಿಲ್ಲ. ಬರೆಯುವಾಗ ಎದುರಾದ ಒಂದು ಕಷ್ಟವನ್ನು ಮಾತ್ರ ತರಗತಿಗೆ ತರಬೇಕು.

ದಿನಾಂಕ ಕೇಳುವ ಬಗೆಯನ್ನು ಮೊದಲೇ ಅಭ್ಯಾಸ ಮಾಡಿಸಿದೆ. "ಯಾವ ಇಸವಿ?" ಎಂದರೆ ಹಿರಿಯರಿಗೆ ಉತ್ತರ ತೋಚದಿರಬಹುದು. "ಆಗ ಏನು ನಡೆದಿತ್ತು?" ಎಂದರೆ ನೆನಪು ಬರುತ್ತದೆ. ಗಾಂಧೀಜಿ ತೀರಿಕೊಂಡದ್ದು 1948, ರಾಜ್ಯದ ಏಕೀಕರಣ 1956, ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಾದದ್ದು 1973, ಬೀಚನಹಳ್ಳಿಯ ಕಬಿನಿ ಅಣೆಕಟ್ಟು ಪೂರ್ಣಗೊಂಡದ್ದು 1974, ತುರ್ತುಪರಿಸ್ಥಿತಿ 1975. ಇಂಥ ಗೂಟಗಳ ಪಟ್ಟಿಯೊಂದನ್ನು ಕೊಟ್ಟೆ. ಸಂವತ್ಸರದ ಹೆಸರು ಹೇಳಿದರೆ ಅದೂ ಒಳ್ಳೆಯ ಸುಳಿವು. ಸಂವತ್ಸರಗಳು 60 ವರ್ಷಕ್ಕೊಮ್ಮೆ ಮರಳುತ್ತವೆ. ಪ್ಲವ 1901ರ ಯುಗಾದಿಗೂ 1961ರ ಯುಗಾದಿಗೂ 2021ರ ಯುಗಾದಿಗೂ ಆರಂಭವಾಗಿದೆ. ಯಾವ ಸುತ್ತಿನದು ಎಂಬುದನ್ನು ಮಕ್ಕಳ ವಯಸ್ಸಿನಿಂದ ನಿರ್ಧರಿಸಬಹುದು. ಸಂವತ್ಸರ ಯುಗಾದಿಯಿಂದ ಯುಗಾದಿಗೆ ಇರುವುದರಿಂದ ಮಾದರಿ ಕುಟುಂಬದ ಮಗಳ ಜನನವನ್ನು "1961 ಮತ್ತು 1962ರ ನಡುವೆ" ಎಂದು ಬರೆಯುವುದೇ ಸರಿ. ಶಾಲಾ ದಾಖಲೆಯ ಜೂನ್ 1ನ್ನೂ ಪ್ರಶ್ನಿಸಬೇಕು. ಹಿಂದೆ ಮಗುವನ್ನು ಶಾಲೆಗೆ ಸೇರಿಸುವಾಗ ಅಂದಾಜಿನಿಂದ ಬರೆಸಿದ ಇಂಥ ದಿನಾಂಕಗಳು ಹಲವು. ಅದನ್ನು ಅಳಿಸಬೇಕಾಗಿಲ್ಲ, "ಆಧಾರ: ಶಾಲಾ ದಾಖಲೆ" ಎಂದು ಜೊತೆಗೆ ಬರೆದರೆ ಸಾಕು.

ಎರಡನೇ ಅವಧಿ: ಪರೀಕ್ಷೆ

ಪರೀಕ್ಷೆಗೆ ಆರಿಸಿಕೊಂಡದ್ದು ಗ್ರ್ಯಾಂಪ್ಸ್ ಎಂಬ ತಂತ್ರಾಂಶ. ಇದರ ಕೆಲಸ 2001ರಲ್ಲಿ ಆರಂಭವಾಯಿತು. ಇದು ಮುಕ್ತ ತಂತ್ರಾಂಶ, ಹಣ ಕೊಡಬೇಕಾಗಿಲ್ಲ. ಲಿನಕ್ಸ್, ವಿಂಡೋಸ್, ಮ್ಯಾಕ್ ಮೂರರಲ್ಲೂ ನಡೆಯುತ್ತದೆ. ಒಮ್ಮೆ ಸ್ಥಾಪಿಸಿದ ಮೇಲೆ ಇಂಟರ್ನೆಟ್ ಬೇಕಿಲ್ಲ. ಪ್ರೊಜೆಕ್ಟರಿನಲ್ಲಿ ತೋರಿಸುತ್ತ, ಗುಂಪಿನಿಂದ ಒಬ್ಬೊಬ್ಬರು ಬಂದು ಚೀಟಿಗಳನ್ನು ನಮೂದಿಸಿದರು. ನಂತರ ಏಳು ಅಂಶಗಳನ್ನು ಒಂದೊಂದಾಗಿ ಪರಿಶೀಲಿಸಲಾಯಿತು.

ಕನ್ನಡ: "ಚಿಕ್ಕಯ್ಯ" ಎಂಬ ಹೆಸರನ್ನು ಪರೀಕ್ಷಾ ಪದವಾಗಿ ಬಳಸಿದೆವು. ಕಣ್ಣಿಗೆ ಕಾಣುವುದು ಮೂರು ಅಕ್ಷರ. ಯುನಿಕೋಡ್‌ನಲ್ಲಿ ಅದು ಎಂಟು ಸಂಕೇತಗಳು: ಚ, ಗುಡಿಸು, ಕ, ಹಲಂತ, ಕ, ಯ, ಹಲಂತ, ಯ. ಒತ್ತಕ್ಷರ ಮೂಡುವುದು ಇವನ್ನು ಸರಿಯಾಗಿ ಜೋಡಿಸಿದಾಗ ಮಾತ್ರ. ಆದ್ದರಿಂದ ಪರದೆಯ ಮೇಲೆ, ಹುಡುಕಾಟದಲ್ಲಿ, ಪಿಡಿಎಫ್ ವರದಿಯಲ್ಲಿ ಹೀಗೆ ಮೂರು ಕಡೆ ನೋಡಬೇಕು. ಪರದೆಯಲ್ಲಿ ಸರಿಯಿದ್ದ ಒತ್ತಕ್ಷರ ಮುದ್ರಣದಲ್ಲಿ ಒಡೆಯುವುದುಂಟು; ಆಗ ವರದಿಯ ಫಾಂಟನ್ನು ಬದಲಿಸಿ ನೋಡಬೇಕು. ನಾವು ಬಳಸಿದ ಆವೃತ್ತಿಯ ಮೆನುಗಳು ಇಂಗ್ಲಿಷಿನಲ್ಲಿದ್ದವು. ಮೆನು ಇಂಗ್ಲಿಷಿನಲ್ಲಿದ್ದರೂ ತೊಂದರೆಯಿಲ್ಲ, ಮಾಹಿತಿ ಕನ್ನಡದಲ್ಲಿರಬೇಕು ಎಂದು ಮಕ್ಕಳು ತೀರ್ಮಾನಿಸಿದರು. ಚಿಕ್ಕಯ್ಯನಛತ್ರವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯಿರಿ ಎಂದಾಗ ಗುಂಪಿಗೊಂದು ಕಾಗುಣಿತ ಬಂದದ್ದೇ ಅದಕ್ಕೆ ಕಾರಣ.

ಇಲ್ಲೊಂದು ಎಚ್ಚರಿಕೆ. ಮನೆಯಲ್ಲಿ ಯಾರಾದರೂ ಹಿಂದೆಯೇ ನುಡಿ ಅಥವಾ ಬರಹದ ಹಳೆಯ ಫಾಂಟುಗಳಲ್ಲಿ ಹೆಸರಿನ ಪಟ್ಟಿ ಟೈಪ್ ಮಾಡಿಟ್ಟಿರಬಹುದು. ಆ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಸಂಕೇತದ ಮೇಲೆ ಕನ್ನಡದ ಆಕಾರವನ್ನು ಕೂರಿಸುತ್ತಿದ್ದವು. ಆ ಪಠ್ಯವನ್ನು ನೇರವಾಗಿ ಅಂಟಿಸಿದರೆ ಅರ್ಥವಿಲ್ಲದ ಚಿಹ್ನೆಗಳು ಬರುತ್ತವೆ. ಮೊದಲು ಯುನಿಕೋಡ್‌ಗೆ ಪರಿವರ್ತಿಸಿಕೊಳ್ಳಬೇಕು.

ಹೆಸರು ಮತ್ತು ಗುರುತು: ಗ್ರ್ಯಾಂಪ್ಸ್‌ನಲ್ಲಿ ಅಡ್ಡಹೆಸರಿನ ಜಾಗವನ್ನು ಖಾಲಿ ಬಿಡಬಹುದು. ತಂದೆಯ ಹೆಸರನ್ನು ಅಲ್ಲಿ ಬರೆದರೆ ಅದು ತಂದೆಯಿಂದ ಬಂದದ್ದು, ಊರ ಹೆಸರಾದರೆ ಅದು ಸ್ಥಳದಿಂದ ಬಂದದ್ದು ಎಂದು ಸೂಚಿಸುವ ಸೌಲಭ್ಯವೂ ಇದೆ. ಮನೆಯಲ್ಲಿ ಕರೆಯುವ ಹೆಸರಿಗೆ ಪ್ರತ್ಯೇಕ ಜಾಗವಿದೆ. ಪ್ರತಿ ವ್ಯಕ್ತಿಗೂ ಒಂದು ಕ್ರಮಸಂಖ್ಯೆ ದೊರೆಯುವುದರಿಂದ ಇಬ್ಬರು ನಂಜಮ್ಮಂದಿರು ಬೆರೆಯಲಿಲ್ಲ.

ದಿನಾಂಕ: "ಸುಮಾರು", "ಮೊದಲು", "ನಂತರ", "ಇದರ ಮತ್ತು ಅದರ ನಡುವೆ" ಎಂಬ ಬಗೆಗಳನ್ನು ಒಪ್ಪಿಕೊಳ್ಳುತ್ತದೆ. ಸಂವತ್ಸರದ ಪಂಚಾಂಗ ಅದರಲ್ಲಿಲ್ಲ. ಆದ್ದರಿಂದ ಇಸವಿಯನ್ನು ದಿನಾಂಕದ ಜಾಗದಲ್ಲಿ, ಹಿರಿಯರು ಹೇಳಿದ ಮಾತನ್ನು ಯಥಾವತ್ತಾಗಿ ಟಿಪ್ಪಣಿಯ ಜಾಗದಲ್ಲಿ ಬರೆಯುವುದೆಂದು ನಿಶ್ಚಯವಾಯಿತು.

ಸಂಬಂಧ: ಎಲ್ಲ ಚೀಟಿಗಳ ನಮೂದು ಮುಗಿದ ಮೇಲೆ ವ್ಯಕ್ತಿಗಳ ಪಟ್ಟಿಯನ್ನು ಎಣಿಸಬೇಕು. 16 ಇದ್ದರೆ ಸರಿ. 18 ಇದ್ದರೆ ತಾತ ಅಜ್ಜಿ ಎರಡೆರಡು ಬಾರಿ ಸೇರಿದ್ದಾರೆ ಎಂದರ್ಥ. ಹೊಸ ವ್ಯಕ್ತಿಯನ್ನು ಸೇರಿಸುವ ಬದಲು ಇರುವ ವ್ಯಕ್ತಿಯನ್ನೇ ಆರಿಸಿ ಜೋಡಿಸುವ ಗುಂಡಿಯನ್ನು ಬಳಸಬೇಕು. ಪೂರ್ವಜರ ನಕ್ಷೆಯಲ್ಲಿ ತಾತನ ಹೆಸರು ಎರಡು ಕಡೆ ಕಂಡರೆ ಗಾಬರಿಯಾಗಬೇಕಿಲ್ಲ, ಅದು ಚಿತ್ರ ಮಾತ್ರ, ದಾಖಲೆ ಒಂದೇ. ಸಂಬಂಧಜಾಲದ ನಕ್ಷೆಯಲ್ಲಿ ತಾತ ಒಮ್ಮೆಯೇ ಬರುತ್ತಾರೆ. ದತ್ತು ಮಗನಿಗೆ "ದತ್ತು" ಎಂಬ ಸಂಬಂಧವನ್ನು ಆರಿಸಲು ಬಂದಿತು. ಸಂಬಂಧದ ಹೆಸರುಗಳಲ್ಲಿ ಮಾತ್ರ ನಮ್ಮ ಭಾಷೆ ಸೋಲುತ್ತದೆ. ದೊಡ್ಡಪ್ಪ, ಚಿಕ್ಕಪ್ಪ, ಸೋದರಮಾವ ಮೂವರೂ ಇಂಗ್ಲಿಷಿನಲ್ಲಿ ಅಂಕಲ್ ಆಗುತ್ತಾರೆ. ಯಾರನ್ನು ಮದುವೆಯಾಗಬಹುದು, ಯಾರನ್ನು ಆಗಬಾರದು ಎಂಬ ವ್ಯತ್ಯಾಸವೇ ಆ ಒಂದು ಪದದಲ್ಲಿ ಅಳಿಸಿಹೋಗುತ್ತದೆ ಎಂಬುದನ್ನು ಮಕ್ಕಳು ತಾವೇ ಗಮನಿಸಿದರು.

ಊರು: ತಿರುಮಕೂಡಲು ನರಸೀಪುರ, ತಿ. ನರಸೀಪುರ, ಟಿ. ನರಸೀಪುರ ಎಂದು ಮೂರು ರೀತಿ ಬರೆದರೆ ತಂತ್ರಾಂಶಕ್ಕೆ ಅವು ಮೂರು ಊರುಗಳು. ಒಂದನ್ನು ಮುಖ್ಯ ಹೆಸರಾಗಿಟ್ಟು ಉಳಿದವನ್ನು ಪರ್ಯಾಯ ಹೆಸರಾಗಿ ಸೇರಿಸಬಹುದು. ಊರು, ತಾಲ್ಲೂಕು, ಜಿಲ್ಲೆ ಎಂಬ ಶ್ರೇಣಿಯನ್ನೂ ಕಟ್ಟಬಹುದು.

ಒಯ್ಯುವಿಕೆ: ಏಳನೆಯ ಅಂಶಕ್ಕೆ ಹೆಚ್ಚು ಸಮಯ ಕೊಟ್ಟೆ. ವಂಶಾವಳಿ ತಂತ್ರಾಂಶಗಳ ನಡುವೆ ಮಾಹಿತಿ ಸಾಗಿಸಲು ಜೆಡ್‌ಕಾಮ್ ಎಂಬ ಮಾದರಿ 1984ರಿಂದ ಬಳಕೆಯಲ್ಲಿದೆ. ಅದು ಬರಿಯ ಪಠ್ಯದ ಕಡತ. ಪ್ರತಿ ಸಾಲಿನ ಮೊದಲಿಗೆ 0, 1, 2 ಎಂಬ ಮಟ್ಟದ ಅಂಕಿ, ನಂತರ ಇದು ವ್ಯಕ್ತಿ, ಇದು ಹೆಸರು, ಇದು ಜನನ ಎಂದು ಹೇಳುವ ಸಂಕೇತ ಇರುತ್ತದೆ. 2021ರ 7.0 ಆವೃತ್ತಿ ಯುಟಿಎಫ್-8 ಎಂಬ ಯುನಿಕೋಡ್ ರೂಪವನ್ನು ಕಡ್ಡಾಯ ಮಾಡಿದೆ. ತೀರಾ ಹಳೆಯ ತಂತ್ರಾಂಶದ ಕಡತಗಳಲ್ಲಿ ಕನ್ನಡ ಉಳಿಯುವ ಖಾತರಿಯಿಲ್ಲ. ನಮ್ಮ ಮಾದರಿ ಕುಟುಂಬವನ್ನು ಜೆಡ್‌ಕಾಮ್ ಆಗಿ ಉಳಿಸಿ, ಸಾಮಾನ್ಯ ಪಠ್ಯ ಸಂಪಾದಕದಲ್ಲಿ ತೆರೆದು ತೋರಿಸಿದೆ. ತಾವು ಟೈಪ್ ಮಾಡಿದ ಕನ್ನಡದ ಹೆಸರುಗಳನ್ನು ಅಲ್ಲಿ ಕಂಡಾಗ ಮಕ್ಕಳಿಗೆ ವಿಷಯ ಸ್ಪಷ್ಟವಾಯಿತು. ಕಡತದಲ್ಲಿ ಛಾಯಾಚಿತ್ರ ಇರುವುದಿಲ್ಲ, ಚಿತ್ರ ಎಲ್ಲಿದೆ ಎಂಬ ವಿಳಾಸವಷ್ಟೇ ಇರುತ್ತದೆ. ಆದ್ದರಿಂದ ಚಿತ್ರಗಳ ಕೋಶವನ್ನೂ ಪೆನ್‌ಡ್ರೈವಿಗೆ ನಕಲಿಸಿಟ್ಟುಕೊಳ್ಳಬೇಕು.

ಈ ಅಂಶ ಏಕೆ ಮುಖ್ಯ ಎಂಬುದಕ್ಕೆ ಎರಡು ಉದಾಹರಣೆ ಕೊಟ್ಟೆ. ಪರ್ಸನಲ್ ಆನ್ಸೆಸ್ಟ್ರಲ್ ಫೈಲ್ ಎಂಬ ಹೆಸರಾಂತ ಉಚಿತ ತಂತ್ರಾಂಶವನ್ನು 2013ರಲ್ಲಿ ನಿಲ್ಲಿಸಲಾಯಿತು. ಫ್ಯಾಮಿಲಿ ಟ್ರೀ ಮೇಕರ್ ಎಂಬುದನ್ನು ನಿಲ್ಲಿಸುವುದಾಗಿ 2015ರ ಡಿಸೆಂಬರಿನಲ್ಲಿ ಪ್ರಕಟಣೆ ಬಂದು, ಮುಂದಿನ ವರ್ಷ ಬೇರೊಂದು ಕಂಪನಿ ಅದನ್ನು ಕೈಗೆತ್ತಿಕೊಂಡಿತು. ಮೂರು ತಲೆಮಾರಿನ ನೆನಪನ್ನು ಹತ್ತು ವರ್ಷವಷ್ಟೇ ಬಾಳಬಹುದಾದ ತಂತ್ರಾಂಶಕ್ಕೆ ಒಪ್ಪಿಸುವಾಗ ಹೊರಬರುವ ಬಾಗಿಲು ಎಲ್ಲಿದೆ ಎಂದು ನೋಡಿಕೊಂಡೇ ಒಳಗೆ ಹೋಗಬೇಕು.

ವಿಸ್ತರಣೆ: ಇತರ ಆಯ್ಕೆಗಳು

ಗ್ರ್ಯಾಂಪ್ಸ್ ಒಂದೇ ದಾರಿಯಲ್ಲ. ಆನ್ಸೆಸ್ಟ್ರಿಸ್ ಎಂಬುದೂ ಉಚಿತ. ಅದು ಮಾಹಿತಿಯನ್ನು ನೇರವಾಗಿ ಜೆಡ್‌ಕಾಮ್ ಕಡತದಲ್ಲೇ ಇಡುತ್ತದೆ. ರೂಟ್ಸ್‌ಮ್ಯಾಜಿಕ್‌ಗೆ ಕೆಲವು ಸೌಲಭ್ಯಗಳಷ್ಟೇ ಇರುವ ಉಚಿತ ಆವೃತ್ತಿಯಿದೆ. ಯಾವುದನ್ನು ಆರಿಸಿದರೂ ಅದೇ 16 ಚೀಟಿಗಳ ಪರೀಕ್ಷೆಗೆ ಒಳಪಡಿಸಬೇಕು.

ಆನ್‌ಲೈನ್ ಸೇವೆಗಳ ಸ್ವಭಾವ ಬೇರೆ. ಫ್ಯಾಮಿಲಿಸರ್ಚ್‌ನಲ್ಲಿ ಇಡೀ ಜಗತ್ತಿಗೆ ಒಂದೇ ಮರ. ತೀರಿಕೊಂಡವರ ಪುಟವನ್ನು ಯಾವ ಬಳಕೆದಾರರಾದರೂ ತಿದ್ದಬಹುದು. ಮೈಹೆರಿಟೇಜ್‌ನಲ್ಲಿ ನಮ್ಮದೇ ಮರವಿದ್ದರೂ ಉಚಿತ ಖಾತೆಗೆ ಮಿತಿಗಳಿವೆ. ಬೆಂಗಳೂರಿನಲ್ಲೋ ಹೊರದೇಶದಲ್ಲೋ ಇರುವ ನೆಂಟರು ಸೇರಿ ಬರೆಯುವುದಾದರೆ ಆನ್‌ಲೈನ್ ಅನುಕೂಲ. ಆದರೆ ಬದುಕಿರುವವರ ಜನ್ಮದಿನಾಂಕ, ತಾಯಿಯ ತವರಿನ ಹೆಸರು ಮುಂತಾದವನ್ನು ಬ್ಯಾಂಕಿನ ಭದ್ರತಾ ಪ್ರಶ್ನೆಗಳಿಗೂ ಬಳಸುವುದುಂಟು ಎಂಬುದನ್ನು ಮರೆಯಬಾರದು. ಮನೆಯ ಕಂಪ್ಯೂಟರಿನಲ್ಲಿ ಪೂರ್ತಿ ಮರ, ಹಂಚಿಕೊಳ್ಳುವಾಗ ಬದುಕಿರುವವರನ್ನು ಬಿಟ್ಟ ಮರ ಎಂಬುದು ತರಗತಿ ಒಪ್ಪಿದ ನಿಯಮ.

ಇನ್ನೊಂದು ಮಾತನ್ನೂ ಚರ್ಚಿಸಲಾಯಿತು. ಹುಡುಕುತ್ತ ಹೋದಾಗ ನಿರೀಕ್ಷಿಸದ ಸತ್ಯ ಸಿಗಬಹುದು. ಎಸ್. ಎಲ್. ಭೈರಪ್ಪನವರ "ವಂಶವೃಕ್ಷ" (1965) ಕಾದಂಬರಿಯ ಶ್ರೋತ್ರಿಗಳ ಮನೆ ನಮ್ಮ ನಂಜನಗೂಡಿನದೇ. ತಮ್ಮ ವಂಶದ ಶುದ್ಧಿಯನ್ನು ನಂಬಿದ್ದ ಅವರಿಗೆ ಕೊನೆಗೆ ತಮ್ಮ ಹುಟ್ಟಿನ ಬಗ್ಗೆಯೇ ಬೇರೆ ವಿಷಯ ತಿಳಿಯುತ್ತದೆ. ಅಂಥದ್ದು ಎದುರಾದಾಗ ಬರೆಯಬೇಕೇ, ಯಾರಿಗೆ ತೋರಿಸಬೇಕು ಎಂಬುದನ್ನು ತಂತ್ರಾಂಶ ತೀರ್ಮಾನಿಸದು. ಗ್ರ್ಯಾಂಪ್ಸ್‌ನಲ್ಲಿ ಯಾವುದೇ ದಾಖಲೆಗೆ "ಖಾಸಗಿ" ಎಂಬ ಗುರುತು ಹಾಕಿ, ಹೊರಗೆ ಕಳುಹಿಸುವಾಗ ಅದನ್ನು ಬಿಡಬಹುದು. ಬಳಸುವ ವಿವೇಕ ಮನೆಯವರದು.

ಮೌಲ್ಯಮಾಪನ

ಮೂರು ಸನ್ನಿವೇಶಗಳನ್ನು ಕೊಟ್ಟು, ಪ್ರತಿಯೊಂದಕ್ಕೂ ಆಯ್ಕೆ ಮತ್ತು ಕಾರಣ ಬರೆಯಲು ಹೇಳಲಾಯಿತು.

1. ಹಳೆಯ ಲ್ಯಾಪ್‌ಟಾಪ್ ಇದೆ, ಇಂಟರ್ನೆಟ್ ಇಲ್ಲ, ಹಿರಿಯರು ಕನ್ನಡದಲ್ಲೇ ಓದಬೇಕು.
2. ಅಣ್ಣತಮ್ಮಂದಿರು ಮೂರು ಊರಲ್ಲಿದ್ದಾರೆ, ಎಲ್ಲರೂ ಸೇರಿ ಬರೆಯಬೇಕು.
3. ಕಂಪ್ಯೂಟರೇ ಇಲ್ಲ.

ಮೊದಲನೆಯದಕ್ಕೆ ಮನೆಯಲ್ಲೇ ಇರುವ ತಂತ್ರಾಂಶ ಎಂಬುದು ಹೆಚ್ಚಿನವರ ಉತ್ತರ. ಎರಡನೆಯದಕ್ಕೆ ಉತ್ತರಗಳು ಎರಡಾಗಿ ಒಡೆದವು: ಆನ್‌ಲೈನ್ ಎಂದು ಕೆಲವರು, ಒಬ್ಬರು ಬರೆದು ಜೆಡ್‌ಕಾಮ್ ಕಡತ ಕಳುಹಿಸಲಿ ಎಂದು ಕೆಲವರು. ಕಾರಣ ಸರಿಯಿದ್ದರೆ ಎರಡಕ್ಕೂ ಪೂರ್ಣ ಅಂಕ ನೀಡಲಾಯಿತು. ಮೂರನೆಯದಕ್ಕೆ ಒಬ್ಬ ವಿದ್ಯಾರ್ಥಿ ಬರೆದ ಉತ್ತರ: ಪ್ರತಿಯೊಬ್ಬರಿಗೂ ಒಂದು ಪುಟ, ಪುಟಕ್ಕೊಂದು ಸಂಖ್ಯೆ, ಸಂಬಂಧವನ್ನು ಹೆಸರಿನ ಬದಲು ಪುಟದ ಸಂಖ್ಯೆಯಿಂದ ಬರೆಯುವುದು, ಮುಂದೆ ಕಂಪ್ಯೂಟರ್ ಬಂದಾಗ ಹಾಗೆಯೇ ಸೇರಿಸಬಹುದು. ದತ್ತಾಂಶ ಸಂಚಯದ ಮೂಲತತ್ತ್ವವನ್ನೇ ಆತ ನೋಟ್‌ಬುಕ್ಕಿಗೆ ಅನ್ವಯಿಸಿದ್ದ.

ಮನೆಗೆಲಸದಿಂದ ತಂದ ಕಷ್ಟಗಳಲ್ಲಿ ಹೆಚ್ಚಿನವು ಹೆಂಗಸರ ಹೆಸರಿಗೆ ಸಂಬಂಧಿಸಿದವು. ಹಲವರಿಗೆ ತಾತನ ತಂದೆಯ ಹೆಸರು ಸಿಕ್ಕಿತು, ತಾಯಿಯ ಹೆಸರು ಸಿಗಲಿಲ್ಲ. "ತಾತನ ಅಕ್ಕತಂಗಿಯರ ಹೆಸರು ಮನೆಯಲ್ಲಿ ಯಾರಿಗೂ ಗೊತ್ತಿಲ್ಲ" ಎಂದು ಒಬ್ಬಳು ಬರೆದಿದ್ದಳು. ಅಂಥ ಕಡೆ ಜಾಗವನ್ನು ತೆಗೆದುಹಾಕದೆ, ಹೆಸರಿಲ್ಲದ ವ್ಯಕ್ತಿಯಾಗಿಯೇ ದಾಖಲಿಸಲು ಹೇಳಿದೆ. ಖಾಲಿ ಜಾಗ ಇದ್ದರೆ ಮುಂದೆ ಯಾರಾದರೂ ಅದನ್ನು ತುಂಬಬಹುದು.

ಅವಲೋಕನ

ಈ ಪಾಠವನ್ನು ಬೇರೆ ಶಾಲೆಯಲ್ಲಿ ನಡೆಸುವ ಪ್ರಶಿಕ್ಷಣಾರ್ಥಿಗಳು ಮೂರು ವಿಷಯಗಳನ್ನು ಗಮನಿಸಬಹುದು. ಮಾದರಿ ಕುಟುಂಬದಲ್ಲಿ ಆ ಸೀಮೆಯ ಕ್ಲಿಷ್ಟತೆ ಇರಲಿ; ಕರಾವಳಿಯಲ್ಲಾದರೆ ತಾಯಿಯ ಕಡೆಯಿಂದ ಬರುವ ಬಳಿ, ಉತ್ತರ ಕರ್ನಾಟಕದಲ್ಲಾದರೆ ಮನೆತನದ ಅಡ್ಡಹೆಸರು ಸೇರಿಸಬೇಕಾಗುತ್ತದೆ. ಅಳತೆಗೋಲನ್ನು ಮಕ್ಕಳಿಂದಲೇ ಹೊರಡಿಸಿ. ತಂತ್ರಾಂಶವನ್ನು ಮೊದಲೇ ತೋರಿಸಿದರೆ ಅದರಲ್ಲಿರುವ ಸೌಲಭ್ಯಗಳನ್ನೇ ಅವರು ಅಗತ್ಯವೆಂದು ಭಾವಿಸುತ್ತಾರೆ. ಕೊನೆಯದಾಗಿ, ಕಂಪ್ಯೂಟರಿನಲ್ಲಿ ತಯಾರಾದ ವಂಶವೃಕ್ಷ ಕಂದಾಯ ಇಲಾಖೆಯ ದೃಢೀಕರಣಕ್ಕೆ ಬದಲಿಯಲ್ಲ ಎಂಬುದನ್ನು ಪೋಷಕರಿಗೆ ಸ್ಪಷ್ಟವಾಗಿ ತಿಳಿಸಿ. ಅರ್ಜಿ ಹಾಕುವಾಗ ಯಾರ ಹೆಸರೂ ಬಿಟ್ಟುಹೋಗದಂತೆ ನೆನಪಿಸಲು ಮಾತ್ರ ಅದು ನೆರವಾಗುತ್ತದೆ.

ತಂತ್ರಾಂಶವನ್ನು ಈ ವರ್ಷ ಹಾಕಿಕೊಳ್ಳಲಾಗದಿದ್ದರೆ ಮುಂದಿನ ವರ್ಷ ಹಾಕಿಕೊಳ್ಳಬಹುದು. ಹಿರಿಯರೊಂದಿಗಿನ ಮಾತನ್ನು ಹಾಗೆ ಮುಂದೂಡಲಾಗದು. ಆದ್ದರಿಂದ ಎರಡು ಅವಧಿಗಳಿಗೆ ಸಮಯ ಸಿಗದ ಶಾಲೆಯಲ್ಲಿ ಮನೆಗೆಲಸದ ಭಾಗವನ್ನಷ್ಟೇ ನಡೆಸಿದರೂ ಪಾಠದ ಬಹುಪಾಲು ಪ್ರಯೋಜನ ದೊರೆಯುತ್ತದೆ.